ಅಣ್ಣ ಆಡಿಸಬೇಕಿದ್ದ ಆಟ

ನಾನಿನ್ನೂ ಚಿಕ್ಕವನಿದ್ದಾಗ, ಹೇಳಲೇಬೇಕಿದ್ದ ಒಂದು ಮಾತನ್ನು ಹೇಳದೆ ನುಂಗಿಕೊಂಡೆ. ಅದರ ಫಲವನ್ನು ನನ್ನ ಅಣ್ಣ ಉಂಡ. ಮೊಮ್ಮಕ್ಕಳೇ, ನಾನು ಹೆಚ್ಚು ಓದಿದವನಲ್ಲ, ಮನೆಮನೆಯ ಎ.ಸಿ. ರಿಪೇರಿ ಮಾಡಿ ಬದುಕಿದವನು. ಕನ್ನಡದ ಅಕ್ಷರಗಳನ್ನು ಅಮ್ಮ ಊಟದ ಮೇಜಿನ ಮೇಲೆ ಕಲಿಸಿದ್ದು. ತಪ್ಪು ಕಂಡರೆ ನಕ್ಕು ಮುಂದೆ ಓದಿ.

ಆಗ ನಾವು ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿದ್ದೆವು. ನಿಮ್ಮ ಪಾಠದಲ್ಲಿ ಕೋವಿಡ್ ಎಂದು ಬರುತ್ತದಲ್ಲ, ಅದರ ಎರಡನೆಯ ವರ್ಷ. ನನಗೆ ಒಂಬತ್ತು ವರ್ಷ, ಅಣ್ಣನಿಗೆ ಇಪ್ಪತ್ತೇಳು. ಅವನಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಕಾಲಲ್ಲಿ ಒದೆಯುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. ಆಡುವುದರಲ್ಲಿ ಅಣ್ಣ ಅಷ್ಟಕ್ಕಷ್ಟೆ. ಆದರೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು ಎಂದು ಹೇಳಿಕೊಡುವುದರಲ್ಲಿ ಗಟ್ಟಿಗ. ಓದು ಮುಗಿಸಿ, ನಮ್ಮಿಂದ ಎರಡು ಗಂಟೆ ದೂರದಲ್ಲಿದ್ದ ಒಂದು ಪುಟ್ಟ ಕಾಲೇಜಿನಲ್ಲಿ ಅಸಿಸ್ಟೆಂಟ್ ಕೋಚ್ ಆದ.

ಪುಟ್ಟ ಕಾಲೇಜಿನ ಕೋಚ್ ಎಂದರೆ ಟಿವಿಯಲ್ಲಿ ಕಾಣುವ ಕೋಚ್ ಅಲ್ಲ. ಮೈದಾನಕ್ಕೆ ಬಿಳಿ ಗೆರೆ ಹಾಕುವವನು ಅವನೇ, ಕೆಸರಾದ ಜರ್ಸಿಗಳನ್ನು ಮೆಷಿನ್ನಿಗೆ ತುಂಬುವವನೂ ಅವನೇ. ಮನೆ ನೆನೆಸಿಕೊಂಡು ಅಳುವ ಹುಡುಗರ ಅಮ್ಮಂದಿರಿಗೆ ಫೋನ್ ಮಾಡಿ ಸಮಾಧಾನ ಹೇಳುವವನೂ ಅವನೇ. ಅಣ್ಣನ ಅಂಗಿ ಸದಾ ಹಸಿ ಹುಲ್ಲು, ಪೇಂಟು, ಬೆವರು ಸೇರಿದ ಒಂದು ವಾಸನೆ ಹೊಡೆಯುತ್ತಿತ್ತು. ಅಪ್ಪನಿಗೆ ಮಾತ್ರ ಇದೊಂದು ಕೆಲಸ ಎನಿಸಿರಲಿಲ್ಲ. ಗೆಳೆಯರು "ದೊಡ್ಡ ಮಗ ಏನ್ಮಾಡ್ತಿದ್ದಾನೆ?" ಎಂದರೆ "ಕಾಲೇಜಲ್ಲಿದ್ದಾನೆ" ಎಂದು ಮಾತು ತಿರುಗಿಸುತ್ತಿದ್ದರು. ಪ್ರೊಫೆಸರ್ ಅಂದುಕೊಂಡವರನ್ನು ತಿದ್ದುತ್ತಿರಲಿಲ್ಲ. ಅವನ ಒಂದು ಆಟವನ್ನೂ ನೋಡಿರಲಿಲ್ಲ.

ಕಾಯಿಲೆಯ ದೆಸೆಯಿಂದ, ಚಳಿಗಾಲಕ್ಕೆ ಮೊದಲು ನಡೆಯಬೇಕಿದ್ದ ಆಟಗಳು ಆ ವರ್ಷದ ವಸಂತಕ್ಕೆ ಹೋದವು. ಅಷ್ಟರಲ್ಲಿ ಹೆಡ್ ಕೋಚ್ ಕೆಲಸ ಬಿಟ್ಟರು. ಈ ಸಲ ತಂಡವನ್ನು ನೀನೇ ನೋಡಿಕೋ, ಚೆನ್ನಾಗಿ ನಡೆದರೆ ಕೆಲಸ ನಿನ್ನದೇ ಎಂದು ಕಾಲೇಜಿನವರು ಅಣ್ಣನಿಗೆ ಹೇಳಿದರು. ಅದನ್ನು ಕೇಳಿ ಅಪ್ಪ, "ಮೊದಲನೇ ಮ್ಯಾಚಿಗೆ ನಾನೂ ಬರ್ತೀನಿ ಬಿಡು" ಅಂದರು. ಫೋನಿನ ಆ ಕಡೆಯಿಂದ ಅಣ್ಣ ಆಟದ ದಿನ, ಹೊತ್ತು, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ಎರಡೆರಡು ಸಲ ಹೇಳಿದ.

ಕಾಯಿಲೆ ತಗುಲಿದರೆ ಆಟ ನಿಂತುಹೋಗುತ್ತದೆಂದು ಅಣ್ಣ ಮನೆಗೆ ಬರುವುದನ್ನೇ ಬಿಟ್ಟು ಆಫೀಸಿನ ಸೋಫಾದಲ್ಲಿ ಮಲಗುತ್ತಿದ್ದ. ಇತ್ತ ಮನೆಯಲ್ಲಿ ಅಮ್ಮನದೇ ಒಂದು ಪರೀಕ್ಷೆ. ಆ ಕಾಯಿಲೆ ಬಂದವರಿಗೆ ವಾಸನೆ ತಿಳಿಯುವುದಿಲ್ಲ ಎಂದು ಕೇಳಿದಾಗಿನಿಂದ ಅವಳು ದಿನಾ ಬೆಳಗ್ಗೆ ಇಂಗಿನ ಡಬ್ಬಿ ತೆರೆದು ಎಲ್ಲರ ಮೂಗಿಗೂ ಹಿಡಿಯುತ್ತಿದ್ದಳು. "ಬಂತಾ?" "ಬಂತು" ಎನ್ನುವರು ಅಪ್ಪ. ನನ್ನ ಸರದಿ ಬಂದಾಗ "ಯಕ್, ಅಮ್ಮಾ, ಸ್ಟ್ರಾಂಗ್!" ಎಂದು ಮುಖ ಕಿವಿಚುತ್ತಿದ್ದೆ. ಅವಳು ನಗುತ್ತಿದ್ದಳು. ಆಮೇಲೆಯೇ ತಿಂಡಿ.

ಶನಿವಾರ ಆಟ. ಅದರ ಹಿಂದಿನ ಬುಧವಾರ ಅಮ್ಮ ಅಣ್ಣನಿಗೆ ಫೋನ್ ಮಾಡಿ, "ಒಂದು ಹೊತ್ತು ಮನೆ ಊಟ ಮಾಡಿ ಹೋಗೋ. ಹಿಂದುಗಡೆ ಡೆಕ್ ಮೇಲೆ ದೂರ ಕೂತ್ಕೊ, ನಾನು ಹತ್ರ ಬರಲ್ಲ" ಎಂದು ಒಪ್ಪಿಸಿದ್ದಳು. ಆ ಬೆಳಗ್ಗೆ ಡಬ್ಬಿ ನನ್ನ ಮೂಗಿನ ಹತ್ತಿರ ಬಂದಾಗ ವಾಸನೆಯೇ ಇಲ್ಲ. ನೀರಿನ ಲೋಟ ಮೂಸಿದ ಹಾಗೆ. ಹಿಂದಿನ ದಿನವೇ ಗಂಟಲು ಕೆರೆದಿತ್ತು. ಅದೇನೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಹೇಳಿದರೆ ಅಣ್ಣ ಬರುವುದಿಲ್ಲ, ಅಪ್ಪ ಆಟಕ್ಕೆ ಹೋಗುವುದಿಲ್ಲ, ನನ್ನನ್ನು ಕೋಣೆಯಲ್ಲಿ ಕೂರಿಸುತ್ತಾರೆ.

"ಯಕ್, ಅಮ್ಮಾ, ಸ್ಟ್ರಾಂಗ್!" ಎಂದೆ. ಅಮ್ಮ ನಕ್ಕಳು.

ಸಂಜೆ ಅಣ್ಣ ಬಂದ. ಪೈನ್ ಮರಗಳಿಂದ ಉದುರುವ ಹಳದಿ ಪರಾಗದ ಪುಡಿ ಡೆಕ್ಕಿನ ಮರದ ಹಲಗೆಗಳ ಮೇಲೆ, ಕುರ್ಚಿಗಳ ಮೇಲೆ, ಅವನ ಪಿಕಪ್ ಟ್ರಕ್ಕಿನ ಮೇಲೆಲ್ಲ ಅರಿಶಿನ ಎರಚಿದಂತೆ ಕೂತಿತ್ತು. ಅವನು ಒಬ್ಬನೇ ಕೂತು ಬಿಸಿಬೇಳೆಬಾತನ್ನು ಬೆರಳು ಚೀಪಿ ತಿಂದ. ಹೊರಡುವಾಗ ನಾನು ಟ್ರಕ್ಕಿನ ಬಾಗಿಲು ಹಿಡಿದು ನಿಂತೆ.

"ಐದೇ ನಿಮಿಷ. ಅಮ್ಮ ನೋಡಿದ್ರೆ ಇಬ್ಬರಿಗೂ ಬೈಗುಳ" ಎಂದು ಹತ್ತಿಸಿಕೊಂಡ. ಪುಡಿ ಒಳಗೆ ಬರುತ್ತದೆಂದು ಗಾಜು ಏರಿಸಿದ. ಅಮ್ಮ ಕಟ್ಟಿಕೊಟ್ಟಿದ್ದ ಹುರಿಗಡಲೆಯನ್ನು ಡ್ಯಾಶ್‌ಬೋರ್ಡ್ ಮೇಲೆ ಸಾಲಾಗಿ ಇಟ್ಟು ತನ್ನ ತಂಡ ತೋರಿಸಿದ. "ಇವನು ನನ್ನ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯೋದು ಇವನೇ. ಬಂಗಾರದಂಥ ಹುಡುಗ, ಮ್ಯಾಥ್ಸ್ ಮಾತ್ರ ನಿನ್ನ ಥರಾನೇ." ನಾನು ಸಿಟ್ಟಿನಿಂದ ಕ್ವಾರ್ಟರ್‌ಬ್ಯಾಕನ್ನು ಬಾಯಿಗೆ ಹಾಕಿಕೊಂಡೆ. "ಅಯ್ಯೋ ಪಾಪಿ, ಶನಿವಾರಕ್ಕೆ ಯಾರನ್ನೋ ಆಡಿಸ್ಲಿ?" ಎಂದು ಮಾಸ್ಕ್ ಕೆಳಗೆಳೆದು ಜೋರಾಗಿ ನಕ್ಕ.

ಆಮೇಲೆ ಮೆಲ್ಲಗೆ ಕೇಳಿದ. "ಅಪ್ಪ ನಿಜವಾಗ್ಲೂ ಬರ್ತಾರೇನೋ?"

"ಮಡಚೋ ಕುರ್ಚಿ ತಂದಿದ್ದಾರೆ. ಹೊಸಾದು" ಎಂದೆ.

ಅವನ ಮುಖ ಅರಳಿದ್ದನ್ನು ನೋಡಿಯೂ ನಾನು ಹೇಳಲಿಲ್ಲ. ಐದು ನಿಮಿಷ ಎಂದವನು ಕತ್ತಲಾಗುವವರೆಗೂ ನನ್ನ ಪಕ್ಕದಲ್ಲೇ ಕೂತಿದ್ದ. ಗುರುವಾರ, ಶುಕ್ರವಾರವೂ ನಾನು ಡಬ್ಬಿಗೆ ಮುಖ ಕಿವಿಚಿದೆ.

ಶನಿವಾರ ಬೆಳಗ್ಗೆ ಕುರ್ಚಿಗಳು ಕಾರಿನಲ್ಲಿದ್ದವು. ಅಮ್ಮ ಡಬ್ಬಿ ತೆರೆದು ಮೊದಲು ತಾನೇ ಮೂಸಿದಳು. "ಈ ಇಂಗು ಹಳೇದಾಯ್ತು ಕಣ್ರೀ, ವಾಸನೇನೇ ಇಲ್ಲ."

ಅಪ್ಪನೂ ಮೂಸಿದರು. "ಆ ಅಂಗಡಿಯವನು ಬರೀ ಹಿಟ್ಟು ತುಂಬಿ ಮಾರ್ತಾನೆ."

ಅಮ್ಮ ಹೊಸ ಪೊಟ್ಟಣ ಕತ್ತರಿಸಿದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಫೋನ್ ಬಂತು.

"ಅಮ್ಮಾ, ನಂಗೆ ಪಾಸಿಟಿವ್ ಬಂದಿದೆ. ಮೀಟಿಂಗಲ್ಲಿ ನನ್ನ ಜೊತೆ ಕೂತಿದ್ದ ಹುಡುಗರನ್ನೆಲ್ಲ ರೂಮಿಂದ ಆಚೆ ಬಿಡ್ತಿಲ್ಲ. ಮ್ಯಾಚ್ ಕ್ಯಾನ್ಸಲ್."

ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. "ನಾನೇ ಕರೆದೆನಲ್ಲಪ್ಪಾ ಊಟಕ್ಕೆ. ನನ್ನಿಂದ್ಲೇ ಆಯ್ತು."

"ಹಾಗನ್ಬೇಡಮ್ಮ, ಬಿಡು" ಎಂದ ಅಣ್ಣ. ಅವನ ದನಿ ತೀರಾ ಸಣ್ಣಗಿತ್ತು. ಅಪ್ಪ ಹೊರಗೆ ಹೋಗಿ ಕಾರಿನಿಂದ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿದರು. ನಾನು ಅಣ್ಣನ ತಂಡದ ಟೋಪಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಆಗ ಬಾಯಿ ಬಿಟ್ಟಿದ್ದರೂ ಆಟ ವಾಪಸ್ಸು ಬರುತ್ತಿರಲಿಲ್ಲ. ಅಮ್ಮನ ಮೇಲಿದ್ದ ಭಾರವಾದರೂ ಇಳಿಯುತ್ತಿತ್ತು. ಅಷ್ಟೂ ನನ್ನಿಂದಾಗಲಿಲ್ಲ.

ನಾವೆಲ್ಲ ಗುಣವಾದೆವು. ಮುಂದಿನ ಆಟವೂ ನಡೆಯಲಿಲ್ಲ, ಅದರ ಮುಂದಿನದೂ ಇಲ್ಲ. ಬೇಸಿಗೆಯಲ್ಲಿ ಕಾಲೇಜಿನವರು ಫುಟ್‌ಬಾಲನ್ನೇ ಕೈಬಿಟ್ಟರು. ಆ ಒಂದು ಆಟ ನಡೆದಿದ್ದರೆ ಬಿಡುತ್ತಿರಲಿಲ್ಲವೇನೋ, ಯಾರಿಗೆ ಗೊತ್ತು. ಅಣ್ಣ ಅಟ್ಲಾಂಟಾಕ್ಕೆ ಹೋಗಿ ಗೋದಾಮಿನಲ್ಲಿ ದುಡಿದ, ಸಂಜೆ ಶಾಲೆಯ ಹುಡುಗರಿಗೆ ಆಟ ಕಲಿಸಿದ. ಆಮೇಲೆ ಮತ್ತೆ ಪುಟ್ಟ ಕಾಲೇಜುಗಳು. ಒಂದು ಬಿಟ್ಟರೆ ಇನ್ನೊಂದು, ಪ್ರತಿ ಸಲವೂ ಅಸಿಸ್ಟೆಂಟ್. ಯಾರ್ಯಾರೋ ಹೆಡ್ ಕೋಚ್ ಆಗಿ ಬಂದರು, ಹೋದರು. ಗೆರೆ ಹಾಕುತ್ತಿದ್ದವನು ನಮ್ಮ ಅಣ್ಣ. ಅಪ್ಪ ಮುಂದೆ ಅವನ ಎಷ್ಟೋ ಆಟಗಳಿಗೆ ಹೋದರು. ಆದರೆ ಮಗ ಹೆಡ್ ಕೋಚ್ ಆಗಿ ನಿಂತದ್ದನ್ನು ನೋಡಲಿಲ್ಲ. ಅಮ್ಮ ಕೊನೆಯವರೆಗೂ "ನಾನೇ ಕರೆದೆ" ಎನ್ನುತ್ತಲೇ ಇದ್ದಳು.

ಈಗ ನೀವು ಸೀನು ಬಂದರೆ ಮೆಟ್ಟಿಲಿಳಿಯುವ ಮೊದಲೇ "ತಾತಾ, ಜ್ವರ! ಇವತ್ತು ಸ್ಕೂಲಿಲ್ಲ!" ಎಂದು ಕೂಗುತ್ತೀರಿ. ಮೆಣಸಿನ ಸಾರು ಕೇಳುತ್ತೀರಿ, ನನ್ನ ತೊಡೆಯ ಮೇಲೇ ಬಂದು ಕೆಮ್ಮುತ್ತೀರಿ. ಯಾರೂ ಹೆದರಿ ದೂರ ಸರಿಯುವುದಿಲ್ಲ. ನಮ್ಮ ಕಾಲದಲ್ಲಿ ಒಂದು ಕೆಮ್ಮಿಗೆ ಇಡೀ ಮನೆ ತಣ್ಣಗಾಗುತ್ತಿತ್ತು. ಮಕ್ಕಳು ಕೆಮ್ಮನ್ನು ತಡೆದುಕೊಳ್ಳುವುದನ್ನು ಕಲಿತಿದ್ದರು. ನೀವು ಕೂಗುವುದನ್ನು ಕೇಳಿದಾಗಲೆಲ್ಲ ನನಗೆ ಆ ಇಂಗಿನ ಡಬ್ಬಿ ನೆನಪಾಗುತ್ತದೆ.

ಹೋದ ಭಾನುವಾರ ಆಶ್‌ಬರ್ನ್‌ನಲ್ಲಿ, ನಿಮ್ಮ ದೊಡ್ಡ ತಾತನ ಮನೆಯಲ್ಲಿ, ನೀವೆಲ್ಲ ಪಕ್ಕದ ಕೋಣೆಯಲ್ಲಿ ಆಡುತ್ತಿದ್ದಿರಿ. ನಾನು ಅಣ್ಣನ ಪಕ್ಕ ಕೂತು, ಇಷ್ಟು ವರ್ಷದ ಮಾತನ್ನು ಮೆಲ್ಲಗೆ ಹೇಳಿದೆ. ಜೀವನವಿಡೀ ಸೀಟಿ, ಕೂಗಾಟದ ನಡುವೆ ನಿಂತವನ ಕಿವಿ ಈಗ ಮಂದ.

"ಏನೋ? ಏನೂ ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳೋ" ಎಂದ.

ನಾನು ಎದ್ದು ನಿಂತೆ. ಆ ಕೋಣೆಯಲ್ಲಿ ನಿಮ್ಮ ಗಲಾಟೆ ತಟ್ಟನೆ ನಿಂತಿತಲ್ಲ, ಆಗ ನಾನು ಕೂಗಿ ಹೇಳಿದ್ದು ಇದನ್ನೇ:

"ಅಣ್ಣಾ, ನಿನಗೆ ಕಾಯಿಲೆ ತಂದಿದ್ದು ಅಮ್ಮ ಅಲ್ಲ, ನಾನು. ನಂಗೆ ಆಗಲೇ ಬಂದಿತ್ತು. ಗೊತ್ತಿದ್ದೂ ನಿನ್ನ ಪಕ್ಕ ಕೂತಿದ್ದೆ. ತಪ್ಪಾಯ್ತು ಅಣ್ಣಾ, ನನ್ನ ಕ್ಷಮಿಸು."