ಗುಂಡಿ ತಾತನ ಗಂಟೆಲೆಕ್ಕ

ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು ಬಂದರೂ ಅವನ ಉಗುರಿನ ಸಂದಿಯ ಎರೆಮಣ್ಣು ಹೋಗುತ್ತಿರಲಿಲ್ಲ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಯ ನಮ್ಮೂರಲ್ಲಿ ಯಾರು ಸತ್ತರೂ ಗುಂಡಿ ತೆಗೆಯುತ್ತಿದ್ದವನು ಅವನೇ. ನಮಗೆಲ್ಲ ಗುಂಡಿ ತಾತ. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲ. "ನಿಂಗೂ ನಾನೇ ತೆಗೀಬೇಕು ಕಣವ್ವ, ವಸಿ ಸಲುಗೆ ಇರ್ಲಿ" ಎಂದು ನಗುತ್ತಿದ್ದ.

ಒಂದು ದಿನವೂ ವಿಮಾನ ಹತ್ತದ ಅವನಿಗೆ ವಿಮಾನದ ಹೊತ್ತು ಚೆನ್ನಾಗಿ ಗೊತ್ತಿತ್ತು. ಸಾವಿನ ಮನೆಗೆ ಬಂದವನು ಮೊದಲು ಕೇಳುತ್ತಿದ್ದದ್ದೇ, "ದೂರದಿಂದ ಯಾರು ಬರ್ಬೇಕು?" ಯಾರಾದರೂ "ಡೆಲ್ಲಿಯಿಂದ ಮಗ ಬರ್ಬೇಕು, ಎರಡೂವರೆ ಗಂಟೆ" ಎಂದರೆ, "ಅದು ಮ್ಯಾಲಿನ ಮಾತಾಯ್ತು. ನೆಲದ್ದು ಯೋಳಿ" ಎನ್ನುತ್ತಿದ್ದ. ಹಾರುವ ಗಂಟೆಗೆ ಒಂಬತ್ತು ಸೇರಿಸುವುದು ಅವನ ಲೆಕ್ಕ. ಹೆಚ್ಚುಕಮ್ಮಿ ತಪ್ಪುತ್ತಿರಲಿಲ್ಲ.

ನಾನು ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವ್ವ ಹೋದ ದಿನ ಬೆಳಗ್ಗೆ ಐದಕ್ಕೆ ತಮ್ಮ ಫೋನ್ ಮಾಡಿದಾಗ, "ಬೆಂಗಳೂರಿಗೆ ಮೂರೇ ಗಂಟೆ ಕಣೋ, ಮಧ್ಯಾಹ್ನಕ್ಕೆಲ್ಲ ಬಂದ್ಬಿಡ್ತೀನಿ" ಎಂದೆ. ಥೂ, ನನ್ನ ಬುದ್ಧಿಗಿಷ್ಟು! ವಿಮಾನ ಎದ್ದದ್ದೇ ಎಂಟೂವರೆಗೆ. ಎರಡು ಸಾವಿರ ಕಿಲೋಮೀಟರಿಗೆ ಮೂರು ಗಂಟೆ ಸಾಕಾಯಿತು; ಬೆಂಗಳೂರಿನಿಂದ ಊರಿನ ಇನ್ನೂರು ಕಿಲೋಮೀಟರಿಗೆ ಐದು ಗಂಟೆ. ಟ್ರಾಫಿಕ್ಕಿನಲ್ಲಿ ಕೂತವಳಿಗೆ ಅಳುವುದಕ್ಕೂ ಸುಸ್ತು.

ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕು. ಮಧ್ಯಾಹ್ನ ಕಳೆದರೂ ನನ್ನ ಸುಳಿವಿಲ್ಲ. ದೊಡ್ಡಪ್ಪ ಸಿಡಿಮಿಡಿಗೊಂಡು ಹೊಲದ ಹತ್ತಿರ ಹೋಗಿ, "ಇನ್ನೂ ಆಗ್ಲಿಲ್ವೇನ್ಲಾ?" ಎಂದು ಕೂಗಿದರಂತೆ. ಗುಂಡಿಯೊಳಗಿಂದ ತಾತ, "ಕಲ್ಲು ಸಿಕ್ಬುಟ್ಟದೆ ಸಾ, ವಸಿ ತಡೀರಿ" ಎಂದನಂತೆ. ಗುಂಡಿ ಆಗದೆ ಹೆಣ ಎತ್ತುವ ಹಾಗಿಲ್ಲ. ದೊಡ್ಡಪ್ಪ ಗೊಣಗುತ್ತಾ ವಾಪಸಾದರು.

ನಾನು ಐದಕ್ಕೆ ಬಂದೆ. ಅವ್ವನ ಕೆನ್ನೆ ಮುಟ್ಟಿದೆ, ಬಾಯಿಗೆ ನೀರು ಬಿಟ್ಟೆ. ಅದೊಂದು ಸಿಗದೇ ಹೋಗಿದ್ದರೆ ನಾನು ಬದುಕಿದ್ದೂ ದಂಡ.

ತಿಥಿ ಕಳೆದ ಮೇಲೆ ತಮ್ಮ ನಿಜ ಹೇಳಿದ. ಕಪಿಲೆ ದಂಡೆಯ ಎರೆಮಣ್ಣಿನಲ್ಲಿ ಕಲ್ಲೆಲ್ಲಿಂದ ಬರಬೇಕು! ಗುಂಡಿ ಹನ್ನೆರಡಕ್ಕೇ ಮುಗಿದಿತ್ತು. ತಾತ ಒಳಗೇ ಕೂತು, ಯಾರಾದರೂ ಬಂದ ಸದ್ದಾದರೆ ಒಂದು ಸನಿಕೆ ಮಣ್ಣು ಮೇಲಕ್ಕೆ ಎಸೆಯುತ್ತಿದ್ದನಂತೆ. ಆ ಬಿಸಿಲಲ್ಲಿ, ಐದು ಗಂಟೆ, ಆ ವಯಸ್ಸಿನಲ್ಲಿ. ಓಡಿಹೋಗಿ ಕಾಲು ಹಿಡಿದುಕೊಂಡೆ.

"ಬುಡವ್ವ. ನೀನು ಮ್ಯಾಲಿಂದು ಯೋಳ್ದೆ, ನಾನು ನೆಲದ್ದು ಸೇರಿಸ್ಕಂಡೆ" ಎಂದ.

ಈಚೆಗೆ ತಾತನೇ ಹೋದ. ಬೆಳಗ್ಗೆ ಸುದ್ದಿ ಬಂದ ತಕ್ಷಣ ಹೊರಟೆ. "ಸಂಜೆ ಐದಾಗ್ತದೆ, ದಮ್ಮಯ್ಯ, ನಿಲ್ಲಿಸ್ಕೊಳ್ಳಿ" ಎಂದು ಈ ಸಲ ಸರಿಯಾಗಿಯೇ ಹೇಳಿದೆ. ಆದರೆ ಗುಂಡಿಗೆ ಜೆಸಿಬಿ ಕರೆಸಿದ್ದರು. ಇಪ್ಪತ್ತು ನಿಮಿಷದಲ್ಲಿ ತೆಗೆದು, ಮುಚ್ಚುವುದಕ್ಕೂ ನಿಂತಿತಂತೆ. ಅದಕ್ಕೆ ಮುಂದೆ ಬೇರೆ ಕೆಲಸವಿತ್ತು. ಹನ್ನೊಂದಕ್ಕೆಲ್ಲ ಎಲ್ಲ ಮುಗಿಯಿತು. ನಾನಿನ್ನೂ ಆಕಾಶದಲ್ಲಿದ್ದೆ.