ಕೋಗಿಲು ಕ್ರಾಸಿನಲ್ಲಿ ಮೇಜರ್ ಮಹೇಂದ್ರ

ಮೇಜರ್ ಮಹೇಂದ್ರ ಕೋಗಿಲಿನವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಾಯಿ ದ್ರೌಪದಮ್ಮ ಸೊಪ್ಪು ಮಾರಿ ಓದಿಸಿದಳು. ಸೈನ್ಯದಲ್ಲಿ ಅಧಿಕಾರಿಯಾದ ಮೇಲೂ ರಜೆಗೆ ಬಂದರೆ ಬನಿಯನ್ನಿನಲ್ಲೇ ಅವಳ ಪಕ್ಕ ಕೂತು ದಂಟಿನ ಸೊಪ್ಪು ಕಟ್ಟುತ್ತಿದ್ದ. "ಇನ್ನಾದ್ರೂ ಬಿಡಮ್ಮ" ಎನ್ನುತ್ತಿದ್ದ. ಅವಳು ಬಿಡಲಿಲ್ಲ.

ಊರಿಗೆ ಅವನ ನೆನಪಾದದ್ದು ಮೇಜರ್ ಆದಾಗ. ಪಾಲಿಕೆ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದ ಅಶ್ವತ್ಥಪ್ಪ ಕ್ರಾಸಿನಲ್ಲಿ ಅವನ ಫ್ಲೆಕ್ಸ್ ಕಟ್ಟಿಸಿ, ಅದರಲ್ಲಿ ಅವನಿಗಿಂತ ದೊಡ್ಡದಾಗಿ ತಾನೇ ಕೈಮುಗಿದು ನಿಂತಿದ್ದ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ.

2014ರಲ್ಲಿ ಒಂದು ಸಂಜೆ, ಮಣಿಪುರದ ಬೆಟ್ಟದ ದಾರಿಯಲ್ಲಿ ಹೊಂಚುಹಾಕಿದ್ದ ಬಂಡುಕೋರರು ಮಹೇಂದ್ರನ ಜೀಪಿನ ಮೇಲೆ ಗುಂಡು ಹಾರಿಸಿ ಅವನನ್ನು ಕೊಂದರು. ಆರ್.ಟಿ. ನಗರದಲ್ಲಿದ್ದ ಹೆಂಡತಿ ಶಶಿರೇಖಾಗೆ ರಾತ್ರಿ ತಡವಾಗಿ ಫೋನು ಬಂತು. "ಅತ್ತೆಗೆ ನಾನೇ ಹೇಳ್ತೀನಿ. ದಯವಿಟ್ಟು ಬೇರೆ ಯಾರೂ ಹೇಳ್ಬೇಡಿ" ಎಂದು ಎಲ್ಲರನ್ನೂ ಬೇಡಿಕೊಂಡಳು.

ಯಾರೂ ಹೇಳಲಿಲ್ಲ. ಆದರೆ ಟಿವಿಯಲ್ಲಿ ಸುದ್ದಿ ನೋಡಿದ ಅಶ್ವತ್ಥಪ್ಪ, ಎದುರಾಳಿಗಿಂತ ಮೊದಲು ಕಟ್ಟಿಸುವ ಅವಸರದಲ್ಲಿ ಹಳೆಯ ಫ್ಲೆಕ್ಸನ್ನೇ ಮತ್ತೆ ಪ್ರಿಂಟ್ ಹಾಕಿಸಿದ. ಅದೇ ನಗುಮುಖ, ಅದೇ ಬಣ್ಣ. ಕೆಳಗೆ 'ಶುಭಾಶಯ' ಇದ್ದಲ್ಲಿ 'ಶ್ರದ್ಧಾಂಜಲಿ' ಬಂತು.

ಬೆಳಿಗ್ಗೆ ಬುಟ್ಟಿ ಹೊತ್ತು ಬಂದ ದ್ರೌಪದಮ್ಮನಿಗೆ ಓದು ಬಾರದು. ಮೇಲೆ ಮಗ ನಗುತ್ತಿದ್ದ. ಬುಟ್ಟಿ ಅಲ್ಲೇ ಇಳಿಸಿ, ಬೇಕರಿಯಿಂದ ಪೇಡ ತಂದಳು.

"ತಗೊಳ್ಳಪ್ಪ ಅನ್ವರ್, ನನ್ ಮಗಂಗೆ ಇನ್ನೂ ಮೇಲ್ನ ಕೆಲ್ಸ ಕೊಟ್ಟವ್ರೆ."

ಹಣ್ಣಿನ ಗಾಡಿಯ ಅನ್ವರ್ ಓದಬಲ್ಲವನು. ಪೇಡ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ. ಅಷ್ಟರಲ್ಲಿ ಫೋಟೊದವನೊಂದಿಗೆ ಅಶ್ವತ್ಥಪ್ಪ ಬಂದ. ಅವಳು ಅವನ ಬಾಯಿಗೇ ಪೇಡ ಇಟ್ಟಳು. ಎಲ್ಲ ಗೊತ್ತಿದ್ದ ಆ ಪಾಪಿ ಅದನ್ನು ಅಗಿದು ನುಂಗಿದ.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಶಶಿರೇಖಾ ಆಟೋದಿಂದ ಇಳಿದಾಗ ಅತ್ತೆ ಅರ್ಧ ಬೀದಿಗೆ ಹಂಚಿ ಮುಗಿಸಿದ್ದಳು. ಸೊಸೆ ಅವಳ ಎರಡೂ ಕೈ ಹಿಡಿದುಕೊಂಡಳು.

"ಅತ್ತೆ, ಅವ್ರು ಇಲ್ಲ. ನಿನ್ನೆ ಸಂಜೆ ಹೋಗ್ಬಿಟ್ರು."

ದ್ರೌಪದಮ್ಮ ಕೈ ಕೊಸರಿಕೊಂಡು ಕಪಾಳಕ್ಕೆ ಬಾರಿಸಿದಳು.

"ಮುತ್ತೈದೆ ಬಾಯಲ್ಲಿ ಎಂಥಾ ಮಾತೇ ಅದು? ಮೇಲ್ ನೋಡು, ಎಂಗೆ ನಗ್ತಾವ್ನೆ! ಸತ್ತೋರ್ ಫೋಟೊನ ಯಾರಾದ್ರೂ ಇಂಗೆ ಆಕ್ತಾರಾ? ಬಿಡ್ತು ಅನ್ನು!"

ಸೊಸೆಯ ಭುಜ ಹಿಡಿದು ಅಲುಗಿಸಿದಳು.

"ಅನ್ನೇ! ನನ್ ಮಗಂಗೆ ಏನಾದ್ರೂ ಆಯ್ತದೆ, ಬಿಡ್ತು ಅನ್ನು!"

"ಬಿಡ್ತು" ಅಂದಳು ಶಶಿರೇಖಾ.