ಮೊದಲು ಅಂಗೈ, ಆಮೇಲೆ ಬಾಯಿ

ಈ ವರ್ಷ ಫೆಬ್ರುವರಿಯ ಎರಡನೇ ಸೋಮವಾರ ಬೆಳಿಗ್ಗೆ, ಮಸ್ಕಿಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳ ದವಾಖಾನೆ ನಡೆಸಿದ ಡಾಕ್ಟರಮ್ಮ ತೀರಿಕೊಂಡರು. ಅವರ ಬಲಗೈ ತೋರುಬೆರಳಿನ ಎರಡೂ ಬದಿಗೆ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ಬಾಯಿ ತೆರೆಯಲೊಲ್ಲದ ಮಕ್ಕಳು ಕಚ್ಚಿದ ಗುರುತುಗಳು.

ಅವರ ಊರು ಸಾಲಗುಂದ. ತಂದೆ ಸಿಂಧನೂರಿನ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಮಗಳು ಓದಿ ಡಾಕ್ಟರಾಗಿ ಮಸ್ಕಿಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕೆಳಗೆ ದವಾಖಾನೆ, ಮೇಲೆ ಮನೆ ಮಾಡಿಕೊಂಡರು. ಮದುವೆಯಾಗಿರಲಿಲ್ಲ. ಕುರ್ಚಿಯ ಹಿಂದೆ ಬುದ್ಧನ ಒಂದು ಪಟವಿತ್ತು. ಅದನ್ನು ನೋಡಿದ ಮೇಲೆ ಅವರು ಯಾವ ಕೇರಿಯವರೆಂದು ನಮ್ಮೂರಿನಲ್ಲಿ ಯಾರೂ ಕೇಳುವ ಅಗತ್ಯವಿರಲಿಲ್ಲ. ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಇತ್ತು. ಕೆಲವರು ಅದರ ನೀರು ಕುಡಿಯುತ್ತಿದ್ದರು, ಕೆಲವರು ಮನೆಯಿಂದ ಬಾಟಲಿ ತರುತ್ತಿದ್ದರು. ನಮ್ಮ ಮನೆಯವರು ಬಾಟಲಿ ಒಯ್ಯುತ್ತಿದ್ದರು.

ಒಮ್ಮೆ ಡಾಕ್ಟರಮ್ಮನ ಎದುರು ಆ ಬಾಟಲಿಯ ಮಾತು ತೆಗೆದೆ. "ಅವರವರ ಮನಿ ನೀರ ಕುಡೀಲಿ ಬಿಡ್ರಿ. ಕೂಸಿನ ಹೊಟ್ಟ್ಯಾಗ ನೀರು ಹೋದ್ರ ನನಗ ಸಾಕು" ಎಂದರು. ಬಾಯಿಹುಣ್ಣಿನ ಮಗು ಅವರೆದುರಿಗೆ ಅರ್ಧ ಲೋಟವಾದರೂ ಕುಡಿಯದೆ ಮನೆಗೆ ಹೋಗುವಂತಿರಲಿಲ್ಲ. ಹುಣ್ಣು ಯಾರನ್ನೂ ಕೊಲ್ಲುವುದಿಲ್ಲ, ಹುಣ್ಣಿಗೆ ಹೆದರಿ ನೀರು ಬಿಟ್ಟರೆ ಅಪಾಯ ಎನ್ನುತ್ತಿದ್ದರು.

ನೋಡುವ ಕ್ರಮವೂ ಅವರದೇ. ಬ್ಯಾಟರಿ ದೀಪ ಬಿಟ್ಟು ಹಗಲು ಬೆಳಕನ್ನೇ ನಂಬುತ್ತಿದ್ದರು. ಬಾಗಿಲ ಹತ್ತಿರ ಬೆಂಚು, ಬೆಂಚಿನ ಮೇಲೆ ತಾಯಿ, ತಾಯಿಯ ತೊಡೆಯ ಮೇಲೆ ಮಗು. ಮೊದಲು ಅಂಗೈ, ಆಮೇಲೆ ಅಂಗಾಲು, ಮೊಣಕಾಲು. ಬಾಯಿ ಕೊನೆಗೆ. "ನೀವು ಪೇಪರಿನವ್ರು ನಾಕು ಮಂದೀನ್ನ ಕೇಳಿ ಬರೀತೀರಿ. ನಾನೂ ಹಂಗ. ಕೈ ಕಾಲು ಏನಂತಾವ ಕೇಳಿ ಆಮ್ಯಾಲ ಬಾಯಿಗೆ ಬರ್ತೀನಿ" ಎಂದು ನನಗೆ ಹೇಳಿದ್ದರು. ಒಸಡು ಕೆಂಪಾಗಿ ಬಾತು ರಕ್ತ ಬರುತ್ತಿದ್ದರೆ ಒಂದು ರೋಗ. ಹಾಲು ಕುಡಿಯುವ ಕೂಸಿನ ನಾಲಿಗೆಯ ಮೇಲೆ ಮೊಸರಿನಂಥ ಬಿಳುಪು ಇದ್ದರೆ ಇನ್ನೊಂದು. ಬಾಯಿಯ ಜೊತೆ ಅಂಗೈ ಅಂಗಾಲಿನಲ್ಲೂ ಗುಳ್ಳೆ ಇದ್ದರೆ ಮತ್ತೊಂದು. ಬಂದವರು ಮಾತ್ರ ಎಲ್ಲಕ್ಕೂ ಉಷ್ಣ ಎಂದೇ ಹೇಳುತ್ತಿದ್ದರು. "ಉಷ್ಣಕ್ಕ ಹುಣ್ಣಾಗೂದಿದ್ರ ಮಸ್ಕಿ ಮಂದಿ ಬ್ಯಾಸಗ್ಯಾಗ ಬಾಯೇ ತೆರೀತಿದ್ದಿಲ್ಲ ಬಿಡ್ರಿ" ಎಂಬುದು ಅವರ ಉತ್ತರ.

ಪತ್ರಿಕೆಗೆ ರೋಗರುಜಿನದ ಸುದ್ದಿ ಬರೆಯಲು ನಾನು ಆಗಾಗ ಅವರ ಬಳಿ ಹೋಗುತ್ತಿದ್ದೆ. ಬೇಕಾದ ಮಾಹಿತಿ ಐದು ನಿಮಿಷದಲ್ಲಿ ಸಿಗುತ್ತಿತ್ತು. ಆಮೇಲೂ ಅವರು ಮಾತಾಡುತ್ತಿದ್ದರು: ಕಾಲುವೆಗೆ ನೀರು ಬಿಟ್ಟರೇ, ಸಿಂಧನೂರಿನ ಬಸ್ಸು ಯಾಕೆ ತಡ, ಯಾರ ಮನೆಯಲ್ಲಿ ಏನು ಅಡುಗೆ. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಒಂದು ಶನಿವಾರ ಎದ್ದು ಹೊರಟಾಗ, "ಐತ್ವಾರ ಒಂದ ಭಾಳ ಉದ್ದ ಆಗತೈತ್ರಿ" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಆರು ವರ್ಷದ ಹಿಂದಿನ ಮಾತು. ತಂಗಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಅವಳ ಹೆಣ್ಣುಕೂಸಿಗೆ ಹನ್ನೆರಡು ದಿನ. ಅದೇ ವಾರ ಲಿಂಗಸುಗೂರಿನಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬಂದ ನನ್ನ ನಾಲ್ಕು ವರ್ಷದ ಮಗಳು ಊಟ ಬಿಟ್ಟಳು. ಬಾಯಲ್ಲಿ ಹುಣ್ಣು. ಅವ್ವ ಎರಡು ದಿನ ಬಿಳಿಗಾರ, ಜೇನು ಹಚ್ಚಿದಳು. ಮಗಳು ನೀರನ್ನೂ ಬಿಟ್ಟಾಗ ಅವ್ವನೂ ನಾನೂ ಡಾಕ್ಟರಮ್ಮನ ಬಳಿ ಒಯ್ದೆವು.

ಅವರು ಅಂಗೈ ಬಿಡಿಸಿ ನೋಡಿದರು. ಮೊಣಕೈವರೆಗೆ ದಟ್ಟ ಮೆಹಂದಿ. ಅಂಗಾಲಿಗೂ ಹಚ್ಚಿದ್ದರು. "ಏನವಾ, ಮದಲಗಿತ್ತಿ ನೀನೋ ಏನು?" ಎಂದರು. ಮಗಳು ನಗಲಿಲ್ಲ. ಲಿಂಗಸುಗೂರಿನ ಮದುವೆಯಲ್ಲಿ ಹಚ್ಚಿದ್ದೆಂದು ನಾನು ಹೇಳಿದೆ.

"ಜ್ವರ ಬಂದಿತ್ತೇನ್ರಿ?"

"ಇಲ್ರಿ" ಎಂದಳು ಅವ್ವ. "ಬೇಗ ಕಮ್ಮಿ ಆಗ್ಲಿ ನೋಡ್ರಿ, ಮನ್ಯಾಗ ಬಾಣಂತಿ ಅದಾಳ. ಈಕಿ ಆ ಕೂಸಿನ್ನ ಬಿಟ್ಟು ಏಳೂದಿಲ್ಲ."

ಮದುವೆ ಮನೆಯಲ್ಲಿ ಜ್ವರ ಬಂದಿತ್ತು. ಯಾರೋ ಸಿರಪ್ ಕುಡಿಸಿದ್ದರು, ಇಳಿದಿತ್ತು. ಸಿರಪ್ಪಿಗೆ ಇಳಿದ ಜ್ವರವನ್ನು ಅವ್ವ ಜ್ವರವೆಂದು ಎಣಿಸುವುದಿಲ್ಲ. ನಾನೂ ಬಾಯಿ ಹಾಕಲಿಲ್ಲ.

"ಸಾದಾ ಹುಣ್ಣು. ಯಾರಿಗೂ ಹತ್ತೂದಲ್ಲ. ತಣ್ಣನ ಮಜ್ಜಿಗಿ ಕುಡಿಸ್ರಿ" ಎಂದರು ಡಾಕ್ಟರಮ್ಮ. ಮಗಳು ನಮ್ಮ ಬಾಟಲಿಯಿಂದ ಅರ್ಧ ಲೋಟ ಕುಡಿದಳು. ಮನೆಗೆ ಬಂದು ನೇರ ಬಾಣಂತಿಯ ಕೋಣೆಗೆ ಹೋದಳು.

ಮರುದಿನ ಮಧ್ಯಾಹ್ನದ ಬಿಸಿಲಲ್ಲಿ ಡಾಕ್ಟರಮ್ಮ ನಡೆದುಕೊಂಡು ನಮ್ಮ ಮನೆಗೆ ಬಂದರು. ಕಟ್ಟೆಯ ಹತ್ತಿರ ನಿಂತು, "ನಿನ್ನೆ ನಾ ಹೇಳಿದ್ದು ತಪ್ಪು. ಹುಡುಗೀನ್ನ ಕರೀರಿ" ಎಂದರು.

ಬೆಳಿಗ್ಗೆ ಅದೇ ಮದುವೆಗೆ ಹೋಗಿದ್ದ ಒಂದು ಗಂಡುಮಗುವನ್ನು ದವಾಖಾನೆಗೆ ತಂದಿದ್ದರು. ಅಂಗೈ ತುಂಬ ಗುಳ್ಳೆ. ಗಂಡುಮಗು, ಮೆಹಂದಿ ಇರಲಿಲ್ಲ.

ಅವರು ಕಟ್ಟೆಯ ಮೇಲೆ ಕೂತು ಮಗಳ ಅಂಗೈ ಮೇಲೆ ತಮ್ಮ ಬೆರಳಾಡಿಸಿದರು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಮೊಣಕಾಲಿನ ಮೇಲೆ ಅವತ್ತಷ್ಟೇ ಎದ್ದ ಎರಡು ಗುಳ್ಳೆಗಳನ್ನು ನನಗೆ ತೋರಿಸಿದರು. "ಕೈ ಕಾಲು ಬಾಯಿಗೆ ಬರೂ ಜಡ್ಡು. ಹತ್ತತೈತಿ. ಈಕಿಗೆ ವಾರದಾಗ ಹೋಗತೈತಿ, ಅಂಜಬ್ಯಾಡ್ರಿ. ಹಸಿಗೂಸಿಗೆ ಬಂದ್ರ ಮಾತ್ರ ನನ್ನ ಕೈಲೆ ಆಗೂದಿಲ್ಲ, ರಾಯಚೂರಿಗೆ ಓಡಬೇಕಾಗತೈತಿ. ಈಗಿಂದೀಗ ಬ್ಯಾರೆ ಮಾಡ್ರಿ. ಲೋಟ, ಟಾವೆಲ್, ಹಾಸಿಗಿ, ಎಲ್ಲಾ. ಕೈ ಸಾಬೂನು ಹಚ್ಚಿ ತೊಳೀದನ ಯಾರೂ ಕೂಸಿನ್ನ ಮುಟ್ಟಬ್ಯಾಡ್ರಿ."

ಫೋನ್ ಮಾಡಬಹುದಿತ್ತಲ್ಲ ಎಂದೆ.

"ತಪ್ಪು ಹೇಳಿದ್ದನ್ನ ಫೋನಿನ್ಯಾಗ ಹ್ಯಾಂಗ ಹೇಳೂದ್ರಿ" ಎಂದರು. ನಮ್ಮ ಪತ್ರಿಕೆ ತಿದ್ದುಪಡಿಯನ್ನು ಒಳಪುಟದ ಕೆಳಗಿನ ಮೂಲೆಯಲ್ಲಿ ಹಾಕುತ್ತದೆ.

ಆಮೇಲೆ ಅವ್ವನ ಕಡೆ ತಿರುಗಿ, "ಕೂಸಿನ್ನ ಒಂದ್ಸಲ ನೋಡ್ಲೇನ್ರಿ?" ಎಂದು ಕೇಳಿದರು.

"ಮಲಗೈತ್ರಿ" ಎಂದಳು ಅವ್ವ.

ಕೂಸು ಒಳಗೆ ಅಳುತ್ತಿತ್ತು. ಮೂವರಿಗೂ ಕೇಳಿಸುತ್ತಿತ್ತು. ಡಾಕ್ಟರಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರು. "ದನಿ ಗಟ್ಟಿ ಐತಿ. ಮಲಿ ಕುಡಿಯಾಕತ್ತೈತೇನು?"

"ಹ್ಞೂಂ ರೀ."

"ಹಂಗಾರ ಚಲೋನ ಐತಿ. ಕುಡಿಯೂದು ಬಿಟ್ರ, ಮೈ ಬೆಚ್ಚಗಾದ್ರ, ತಡಾ ಮಾಡಬ್ಯಾಡ್ರಿ."

ಅವ್ವ ಒಳಗೆ ಹೋಗಿ ಚಹಾ ಕಳಿಸಿದಳು. ಪೇಪರ್ ಕಪ್ಪಿನಲ್ಲಿ ಬಂತು. ನಮ್ಮ ಮನೆಯಲ್ಲಿ ಪೇಪರ್ ಕಪ್ ಇರುವುದಿಲ್ಲ, ಪಕ್ಕದ ಅಂಗಡಿಯಿಂದ ತರಿಸಿದ್ದು. ಡಾಕ್ಟರಮ್ಮ ಚಹಾ ಪೂರ್ತಿ ಕುಡಿದು, ಕಪ್ಪನ್ನು ಮಡಚಿ ತಮ್ಮ ಚೀಲದಲ್ಲಿ ಹಾಕಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬರ್ರಿ ಎನ್ನಲಿಲ್ಲ. ಅವರು ಎದ್ದು, ಬಂದ ದಾರಿಯಲ್ಲೇ ನಡೆದು ಹೋದರು.

ಹತ್ತು ದಿನ ಮಗಳನ್ನು ನನ್ನ ಕೋಣೆಯಲ್ಲಿ ಇಟ್ಟುಕೊಂಡೆ. ಡಾಕ್ಟರಮ್ಮ ದಿನಾ ಫೋನ್ ಮಾಡಿ ಕೂಸಿನ ಬಗ್ಗೆ ಕೇಳುತ್ತಿದ್ದರು. ಹನ್ನೊಂದನೆಯ ದಿನ, "ಇನ್ನ ಏನೂ ಆಗೂದಿಲ್ಲ ಬಿಡ್ರಿ" ಎಂದರು. ಆಮೇಲೆ ಅವರಾಗಿ ಫೋನ್ ಮಾಡಲಿಲ್ಲ. ಮುಂದೆ ಸುದ್ದಿಗೆ ಹೋದಾಗಲೆಲ್ಲ ಚೆನ್ನಾಗಿಯೇ ಮಾತಾಡಿಸಿದರು. ನಾನು ಸುದ್ದಿ ಬರೆದುಕೊಂಡು ಎದ್ದು ಬಂದೆ.

ಅವರು ತೀರಿಕೊಂಡ ದಿನ ಐವರು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹತ್ತೂವರೆವರೆಗೆ ದವಾಖಾನೆಯ ಬಾಗಿಲಲ್ಲಿ ಕಾದಿದ್ದರು. ಬಳಗಾನೂರಿನಿಂದ ಬಂದಿದ್ದ ಒಬ್ಬಾಕೆ ಕೊನೆಗೆ ಮೆಟ್ಟಿಲು ಹತ್ತಿ ಹೋಗಿ ನೋಡಿದಳು. ಸಂಜೆ ಸಾಲಗುಂದದಲ್ಲಿ ಮಣ್ಣು ಮಾಡಿದರು. ನಿಧನ ವಾರ್ತೆಯನ್ನು ನಾನೇ ಬರೆದೆ: ಹೆಸರು, ವಯಸ್ಸು, ಸೇವೆಯ ವರ್ಷ, ಉಳಿದಿರುವ ಬಂಧು ಒಬ್ಬ ಅಣ್ಣ. ನಾಲ್ಕು ಸಾಲು. ನಮ್ಮ ಮನೆಗೆ ಬಂದುಹೋದ ಸಂಗತಿ ಅದರಲ್ಲಿ ಇರಲಿಲ್ಲ.

ತಂಗಿಯ ಮಗಳಿಗೆ ರೋಗ ತಗಲಲಿಲ್ಲ. ಡಾಕ್ಟರಮ್ಮ ಅವಳನ್ನು ಒಮ್ಮೆಯೂ ನೋಡಿರಲಿಲ್ಲ. ಅವಳಿಗೆ ಈಗ ಆರು ವರ್ಷ. ಲಿಂಗಸುಗೂರಿನಲ್ಲಿ ಒಂದನೇ ತರಗತಿಗೆ ಹೋಗುತ್ತಿದ್ದಾಳೆ.